ಆಡುಸೋಗೆ: ಯಾವ ಕೆಮ್ಮಿಗೆ ಬೇಕು, ಯಾರಿಗೆ ಬೇಡ

ಕಳೆದ ಸಂಚಿಕೆಯಲ್ಲಿ ಹಿತ್ತಲ ಗಿಡಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಆಡುಸೋಗೆಯ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಈ ಸಲ ಅದೊಂದೇ.

ಪ್ರಶ್ನೆ: ಕಬ್ಬಿನ ಕಟಾವು ಶುರುವಾದರೆ ನನ್ನ ಕೆಮ್ಮೂ ಶುರು. ಎದೆಯಲ್ಲಿ ಕಫ ಕಟ್ಟುತ್ತದೆ, ಎಷ್ಟು ಕೆಮ್ಮಿದರೂ ಹೊರಗೆ ಬರುವುದಿಲ್ಲ. ಬದುವಿನ ಮೇಲೆ ಆಡುಸೋಗೆ ಇದೆ, ಆದರೆ ಎಲೆ ಕುಟ್ಟಿ ಹಿಂಡಿದರೆ ನಾಲ್ಕು ಹನಿ ರಸವೂ ಇಳಿಯುತ್ತಿಲ್ಲ. ಏನು ಮಾಡಲಿ?
— ಒಬ್ಬ ರೈತ, ಮುಧೋಳ

ಉತ್ತರ: ಅಣ್ಣಾ, ಹಸಿ ಎಲೆ ಕುಟ್ಟಿದರೆ ರಸ ಬರುವುದೇ ಕಷ್ಟ. ಎಲೆ ತೊಳೆದು ಇಡ್ಲಿ ಪಾತ್ರೆಯಲ್ಲಿಟ್ಟು ಚೆನ್ನಾಗಿ ಬಾಡುವ ತನಕ ಹಬೆ ಕೊಡಿ. ಆಮೇಲೆ ಕುಟ್ಟಿ ಬಟ್ಟೆಯಲ್ಲಿ ಹಿಂಡಿದರೆ ಸಲೀಸಾಗಿ ಇಳಿಯುತ್ತದೆ. ದೊಡ್ಡವರಿಗೆ ಆಯುರ್ವೇದದಲ್ಲಿ ಹೇಳಿರುವ ಪ್ರಮಾಣ 10ರಿಂದ 20 ಎಂ.ಎಲ್., ಅಂದರೆ ಎರಡರಿಂದ ನಾಲ್ಕು ಟೀ ಚಮಚ. ಕಹಿ ತಡೆಯಲು ಜೇನುತುಪ್ಪ ಸೇರಿಸಿಕೊಳ್ಳಿ. ಬೇಗ ಗುಣವಾಗಲಿ ಅಂತ ಲೋಟಗಟ್ಟಲೆ ಕುಡಿದರೆ ವಾಂತಿ, ಭೇದಿ ಹಿಡಿಯುತ್ತದೆ.

ನಿಮ್ಮಂಥ ಕಟ್ಟಿದ ಕಫಕ್ಕೆ ಇದು ಸರಿಯಾದ ಗಿಡ. ಎಲೆಯಲ್ಲಿ ವ್ಯಾಸಿಸಿನ್ ಎಂಬ ಕಹಿ ಅಂಶವಿದೆ. ಅದು ಉಸಿರುನಾಳವನ್ನು ಸಡಿಲಿಸುತ್ತದೆ, ಕಫ ತೆಳುವಾಗಿ ಹೊರಗೆ ಬರುತ್ತದೆ. ಔಷಧಿ ಅಂಗಡಿಯ ಕೆಮ್ಮಿನ ಸಿರಪ್ಪುಗಳಲ್ಲಿ ಬ್ರೋಮ್‌ಹೆಕ್ಸಿನ್ ಅಂತ ಬರೆದಿರುತ್ತದಲ್ಲ, ಆ ಮದ್ದು ಈ ವ್ಯಾಸಿಸಿನ್ ಆಧಾರದ ಮೇಲೇ ತಯಾರಾಗಿ 1963ರಲ್ಲಿ ಬಳಕೆಗೆ ಬಂತು, ಅಂಬ್ರಾಕ್ಸಾಲ್ ಕೂಡ ಅದೇ ಕುಟುಂಬದ್ದು. ನಮ್ಮ ಅಜ್ಜಿಯಂದಿರು ಕಫಕ್ಕೆ ಈ ಎಲೆಯನ್ನೇ ಆರಿಸಿಕೊಂಡಿದ್ದು ಸುಮ್ನೆ ಅಲ್ಲ. ಆದರೆ ಸಿರಪ್ಪೂ ರಸವೂ ಒಟ್ಟಿಗೆ ಬೇಡ, ಎರಡರ ಕೆಲಸವೂ ಒಂದೇ.

ಇನ್ನೊಂದು ಮಾತು. ಪ್ರತಿ ವರ್ಷ ಅದೇ ಕಾಲಕ್ಕೆ ಕೆಮ್ಮು ಬರುತ್ತಿದ್ದರೆ, ರವದಿ, ಅಂದರೆ ಕಟಾವಿನ ಮೇಲೆ ಹೊಲದಲ್ಲಿ ಉಳಿಯುವ ಕಬ್ಬಿನ ಒಣ ಎಲೆ, ಅದನ್ನು ಸುಡುವ ಹೊಗೆಯ ಮೇಲೆ ನನಗೆ ಅನುಮಾನ. ಹೊಗೆ ಕುಡಿಯುತ್ತಾ ರಸವನ್ನೂ ಕುಡಿದರೆ ಏನು ಉಪಯೋಗ? ರವದಿಯನ್ನು ಸುಡದೆ ಸಾಲಿನಲ್ಲೇ ಕೊಳೆಯಲು ಬಿಟ್ಟರೆ ಹೊಲಕ್ಕೂ ಒಳ್ಳೆಯದು. ಉಸಿರಾಡುವಾಗ ಸುಂಯ್ ಅಂತ ಸದ್ದು ಬರುತ್ತಿದ್ದರೆ ಅಸ್ತಮಾ ಇರಬಹುದು, ದಯವಿಟ್ಟು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮಗಳು ಐದು ತಿಂಗಳ ಬಸುರಿ, ನೆಗಡಿ ಕೆಮ್ಮು ಜೋರಾಗಿದೆ. ಇಂಗ್ಲಿಷ್ ಮದ್ದು ಬೇಡ, ಆಡುಸೋಗೆ ಕಷಾಯ ಕೊಡೋಣ ಅನ್ನುತ್ತಾರೆ ಬೀಗರು. ಗಿಡದ ಮದ್ದಿನಿಂದ ತೊಂದರೆ ಇಲ್ಲ ಅಲ್ವಾ?
— ಒಬ್ಬ ತಾಯಿ, ಬಸವನ ಬಾಗೇವಾಡಿ

ಉತ್ತರ: ಇದೆ ಅಕ್ಕಾ, ಕೊಡಲೇಬೇಡಿ. ಕಫ ಸಡಿಲಿಸುವ ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಬಿಗಿಯುವಂತೆ ಮಾಡುತ್ತದೆ. ಹಿಂದೆ ಹೆರಿಗೆ ಸಲೀಸಾಗಲಿ ಅಂತ ಈ ಎಲೆ ಬಳಸುತ್ತಿದ್ದುದೂ ಇದೇ ಗುಣಕ್ಕಾಗಿ. ಐದನೇ ತಿಂಗಳಲ್ಲಿ ಅದೇ ಗುಣ ಅಪಾಯ. ಬೀಗರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅವರಿಗೂ ಇದನ್ನು ತಿಳಿಸಿ ಹೇಳಿ. ಅಂಗಡಿಯಿಂದ ತರುವ ಆಯುರ್ವೇದದ ಕೆಮ್ಮಿನ ಬಾಟಲಿಯನ್ನೂ ಒಮ್ಮೆ ಓದಿ ನೋಡಿ, ವಾಸಾ, ವಾಸಕ, ವಾಸಾವಲೇಹ, ವಾಸಾರಿಷ್ಟ ಅಂತ ಇದ್ದರೆ ಎಲ್ಲವೂ ಇದೇ ಗಿಡ. ಸದ್ಯಕ್ಕೆ ಬಿಸಿನೀರು, ಹಬೆ, ಒಂದು ಚಮಚ ಜೇನು ಸಾಕು. ಜ್ವರ ಬಂದರೆ ಅಥವಾ ಕೆಮ್ಮು ಇಳಿಯದಿದ್ದರೆ ಅವಳನ್ನು ನೋಡುವ ಡಾಕ್ಟರಮ್ಮನ ಹತ್ತಿರವೇ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಬೇಲಿಯಲ್ಲಿರುವುದು ಆಡುಸೋಗೆ ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?
— ಖಾನಾಪುರದ ಓದುಗರು

ಉತ್ತರ: ಹೂ ಬಿಟ್ಟಾಗ ನೋಡಿ. ತೆನೆಯಂತೆ ಗೊಂಚಲು, ಬಾಯಿ ತೆರೆದಂತಿರುವ ಬಿಳಿ ಹೂ, ಕೆಳದುಟಿಯ ಮೇಲೆ ನೇರಳೆ ಗೆರೆ. ಉದ್ದನೆಯ, ತುದಿ ಚೂಪಾದ ಎಲೆಗಳು ಎದುರು ಬದುರು ಜೋಡಿಯಾಗಿ ಬರುತ್ತವೆ, ಹಿಸುಕಿದರೆ ಕೆಟ್ಟ ವಾಸನೆ. ಆಡು ಬಾಯಿ ಹಾಕುವುದಿಲ್ಲ. ಆದರೂ ಅನುಮಾನವಿದ್ದರೆ ಗಿಡ ಬಲ್ಲವರಿಗೆ ತೋರಿಸುವ ತನಕ ಕುಡಿಯಬೇಡಿ. ಕಳೆನಾಶಕ ಹೊಡೆದ ಹೊಲದ ಬದುವಿನ ಎಲೆಯೂ ಬೇಡ.

ಪ್ರಶ್ನೆ: ಅಪ್ಪನಿಗೆ ಒಂದು ತಿಂಗಳಿಂದ ಕೆಮ್ಮು, ಸಂಜೆ ಜ್ವರ, ಮೊನ್ನೆ ಕಫದಲ್ಲಿ ರಕ್ತ ಕಂಡಿತು. ಆಡುಸೋಗೆ ಇರುವಾಗ ಕ್ಷಯಕ್ಕೆ ಹೆದರಬೇಕಿಲ್ಲ ಅಂತ ಶ್ಲೋಕವೇ ಇದೆ ಎನ್ನುತ್ತಾರೆ. ಅದನ್ನೇ ಕೊಡುತ್ತಿದ್ದೇವೆ.
— ಒಬ್ಬ ಮಗ, ಸಿಂದಗಿ

ಉತ್ತರ: ತಮ್ಮಾ, ಇದನ್ನು ಓದಿದ ಕೂಡಲೇ ಅಪ್ಪನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸು. ಎರಡು ವಾರ ದಾಟಿದ ಕೆಮ್ಮಿಗೇ ಪರೀಕ್ಷೆ ಬೇಕು, ಇಲ್ಲಿ ರಕ್ತವೂ ಕಂಡಿದೆ. ಆ ಶ್ಲೋಕ ನಿಜವಾಗಿಯೂ ಇದೆ. ಆಡುಸೋಗೆ ಇದ್ದು ಬದುಕುವ ಆಸೆಯೂ ಇದ್ದರೆ ಕೆಮ್ಮಿನವನು, ಕ್ಷಯದವನು ಯಾಕೆ ಕುಗ್ಗಬೇಕು ಅಂತ ಅದರ ಅರ್ಥ. ಆದರೆ ಕ್ಷಯ ಒಂದು ರೋಗಾಣುವಿನಿಂದ ಬರುತ್ತದೆ ಅಂತ ಗೊತ್ತಾಗಿದ್ದೇ 1882ರಲ್ಲಿ, ರಾಬರ್ಟ್ ಕಾಖ್ ಅದನ್ನು ಕಂಡುಹಿಡಿದ ಮೇಲೆ. ಎಲೆಯ ರಸದಿಂದ ಕೆಮ್ಮು ಸ್ವಲ್ಪ ಹಗುರಾಗಬಹುದು, ಆ ರೋಗಾಣು ಮಾತ್ರ ಒಳಗೆ ಬೆಳೆಯುತ್ತಲೇ ಇರುತ್ತದೆ, ಮನೆಯ ಮಕ್ಕಳಿಗೂ ಹರಡುತ್ತದೆ. ನನಗೆ ಈ ಗಿಡದ ಮೇಲೆ ತುಂಬಾ ಪ್ರೀತಿ, ಆದರೆ ಈ ಕೆಲಸ ಅದರಿಂದ ಆಗುವುದಿಲ್ಲ.

ಟಿಬಿ ಅಂತ ಗೊತ್ತಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ತೆಗೆದುಕೊಂಡು ಹೋಗು. ಒಂದೆರಡು ತಿಂಗಳಲ್ಲೇ ಅಪ್ಪ ಗೆಲುವಾಗುತ್ತಾರೆ, ಆಗ ಮಾತ್ರೆ ಸಾಕು ಅಂತ ಅವರೇ ಹೇಳಬಹುದು. ಡಾಕ್ಟರ್ ಹೇಳುವ ತನಕ ಬಿಡಿಸಬೇಡ.