‘ಊರಿಗೆಲ್ಲ ಗೊತ್ತೈತಿ’ ಎಂಬುದು ಪುರಾವೆಯಲ್ಲ

ಓದುಗರ ಪ್ರಶ್ನೆ, ಕಾನೂನು ತಜ್ಞರ ಉತ್ತರ

ಹೊಡೆದದ್ದನ್ನು ಕಂಡವರಿಲ್ಲ, ಸುತ್ತಲಿನ ಸಂಗತಿಗಳಷ್ಟೇ ಇವೆ, ಕೇಸು ನಿಲ್ಲುತ್ತದೆಯೇ? ರೋಣದಿಂದ ಹಾನಗಲ್ಲಿನವರೆಗೆ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ. ಉಳಿದವಕ್ಕೆ ಅವುಗಳ ಯೋಗ್ಯತೆಯಷ್ಟು.

ವಕೀಲ ಸಾಹೇಬ್ರ, ಬದುವಿನ ಜಗಳದಾಗ ನಮ್ಮ ಅಣ್ಣಗ ಬಾಜೂ ಹೊಲದವ ಕುಡಗೋಲಿಂದ ಹೊಡದಾನ. ಕಾರ್ತಿಕ ಮಾಸ, ಸಂಜಿ ಹೊತ್ತು, ಕಣ್ಣಾರೆ ಕಂಡವ್ರು ಯಾರೂ ಇಲ್ಲ. ಚೀರಿದ್ದು ಕೇಳಿ ಕಳೆ ತಗಿಯೋ ಇಬ್ರು ಹೆಣ್ಮಕ್ಕಳು ಓಡಿ ಬಂದ್ರು, ಅಣ್ಣ ಅವ್ರ ಮುಂದ ಹೆಸರು ಹೇಳ್ಯಾನ. ಅವ ಹಳ್ಳ ದಾಟಿ ಓಡಿದ್ದನ್ನ ಅವ್ರು ನೋಡ್ಯಾರ. ಮೂರು ವರ್ಷದಿಂದ ಹದ್ದುಬಸ್ತಿನ ತಕರಾರ ಐತಿ. ಹಿಂದಿನ ವಾರ ಚಾದಂಗಡ್ಯಾಗ ‘ಕಡೀತೀನಿ’ ಅಂದಿದ್ದ. ಅವತ್ತ ರಾತ್ರಿನ ಮನಿಗೆ ಕೀಲಿ ಹಾಕಿ ಹೋದ. ಈಗ ನೋಡಿದ್ರ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಇದ್ದೆ ಅಂತಾನ. ಅವ ಎಂಥವ ಅಂತ ಊರಿಗೆಲ್ಲ ಗೊತ್ತೈತಿ. ಇದ್ರಾಗ ಯಾವ್ದು ನಡೀತೈತಿ? — ರೋಣ ತಾಲ್ಲೂಕಿನ ಓದುಗರು

ಕಂಡವರು ಯಾರೂ ಇಲ್ಲ ಎಂದು ಬರೆದಿದ್ದೀರಿ. ಹೊಡೆಸಿಕೊಂಡವರೇ ಕಂಡಿಲ್ಲವೇ? ನಿಮ್ಮ ಅಣ್ಣ ಬದುಕಿದ್ದಾರೆ, ಮಾತನಾಡುತ್ತಾರೆ. ಈ ಕೇಸಿನ ಮೊದಲ ಸಾಕ್ಷಿ ಅವರೇ. ಗಾಯಗೊಂಡವರ ಸಾಕ್ಷ್ಯಕ್ಕೆ ನ್ಯಾಯಾಲಯಗಳು ಹೆಚ್ಚಿನ ತೂಕ ಕೊಡುತ್ತವೆ, ಏಕೆಂದರೆ ಅವರು ಸ್ಥಳದಲ್ಲಿದ್ದರು ಎಂಬುದಕ್ಕೆ ಗಾಯವೇ ಆಧಾರ. ಏಟು ಹಿಂದಿನಿಂದ ಬಿದ್ದು ಅವರಿಗೆ ಮುಖ ಕಾಣದಿದ್ದರೆ ಮಾತ್ರ ಸುತ್ತಲಿನ ಸಂಗತಿಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ಹಾಗಿದ್ದರೆ ‘ಮುಖ ನೋಡಲಿಲ್ಲ’ ಎಂದೇ ಹೇಳಲಿ. ಕಾಣದ್ದನ್ನು ಕಂಡೆ ಎಂದು ಸೇರಿಸಿದ ಒಂದು ಸಾಲು ಪಾಟೀಸವಾಲಿನಲ್ಲಿ ಇಡೀ ಕೇಸನ್ನು ಮುಳುಗಿಸುತ್ತದೆ.

ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 3ರ ಪ್ರಕಾರ ಸಾಕ್ಷ್ಯ ಕೊಡಬಹುದಾದದ್ದು ಎರಡಕ್ಕೆ ಮಾತ್ರ: ವಿವಾದದಲ್ಲಿರುವ ಸಂಗತಿಗೆ ಮತ್ತು ಕಾಯ್ದೆಯೇ ಸುಸಂಗತ (ವಿವಾದಕ್ಕೆ ಸಂಬಂಧಪಟ್ಟದ್ದು) ಎಂದು ಗುರುತಿಸಿದ ಸಂಗತಿಗೆ. ಮೂರನೆಯದಿಲ್ಲ. ಸಂಗತಿ ನಿಜವಾಗಿದ್ದರೆ ಸಾಲದು, ಯಾವುದಾದರೂ ಒಂದು ಕಲಮಿನ ಬಾಗಿಲಿನಿಂದ ಅದು ಒಳಗೆ ಬರಬೇಕು. ಹೊಸ ಕಾಯ್ದೆ 1 ಜುಲೈ 2024ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲೇ ತನಿಖೆ ಅಥವಾ ವಿಚಾರಣೆ ನಡೆಯುತ್ತಿದ್ದರೆ 1872ರ ಕಾಯ್ದೆಯೇ ಅನ್ವಯಿಸುತ್ತದೆ. ಹಳೆಯ 6, 7, 8, 9 ಮತ್ತು 11ನೇ ಕಲಮುಗಳು ಹೊಸದರಲ್ಲಿ 4, 5, 6, 7 ಮತ್ತು 9 ಆಗಿವೆ. ತಿರುಳು ಹೆಚ್ಚುಕಡಿಮೆ ಅದೇ.

ಆ ಇಬ್ಬರು ಹೆಣ್ಣುಮಕ್ಕಳ ಮಾತು ಕಲಂ 4ರಲ್ಲಿ ಬರುತ್ತದೆ. ಘಟನೆಯ ಜೊತೆಗೇ ಹೊರಬಿದ್ದ, ಕಥೆ ಕಟ್ಟಲು ಸಮಯವಿಲ್ಲದ ಮಾತು ಆ ಘಟನೆಯದೇ ಭಾಗ. ಆದರೆ ನಡುವೆ ಸಮಯ ಸರಿದರೆ ಈ ಬಾಗಿಲು ಮುಚ್ಚುತ್ತದೆ. 1996ರ ಗೆಂಟೆಲ ವಿಜಯವರ್ಧನ ರಾವ್ ಪ್ರಕರಣದಲ್ಲಿ, ಬಸ್ಸಿಗೆ ಬೆಂಕಿ ಹಚ್ಚಿದಾಗ ಸುಟ್ಟುಕೊಂಡವರು ನಂತರ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯನ್ನು ಸುಪ್ರೀಂ ಕೋರ್ಟ್ ಈ ಕಲಮಿನಡಿ ಒಪ್ಪಲಿಲ್ಲ. ಹಾಗಾಗಿ ಆ ಇಬ್ಬರೂ ಹೇಳಬೇಕಾದದ್ದು ಬದುವಿನ ಮೇಲೆ ಕೇಳಿದ ಮಾತನ್ನು, ಆಸ್ಪತ್ರೆಯ ದಾರಿಯಲ್ಲಿ ಟಂಟಂನಲ್ಲಿ ಕೇಳಿದ ಪೂರ್ತಿ ಕಥೆಯನ್ನಲ್ಲ. ಕೇಳಿಸಿದ್ದು ‘ಬಾಜೂ ಹೊಲದವ ಕಡದ’ ಎಂಬಷ್ಟೇ ಆದರೆ ಅಷ್ಟೇ ಹೇಳಲಿ. ಠಾಣೆಯಲ್ಲಿ ಇಬ್ಬರ ಹೇಳಿಕೆಯನ್ನೂ ಅಕ್ಷರ ಬಿಡದೆ ಒಂದೇ ರೀತಿ ಬರೆದುಕೊಳ್ಳುವ ಚಾಳಿಯಿದೆ. ಎದುರು ವಕೀಲರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಡ.

ಹಳ್ಳ ದಾಟಿ ಓಡಿದ್ದನ್ನು ಅವರು ಸ್ವತಃ ಕಂಡಿದ್ದಾರೆ, ಅದು ನೇರ ಸಾಕ್ಷ್ಯ. ಪ್ರಶ್ನೆ ಬೀಳುವುದು ಬೆಳಕಿನ ಮೇಲೆ. ಕಾರ್ತಿಕದಲ್ಲಿ ನಮ್ಮ ಕಡೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಎಷ್ಟು ಮಾರು ದೂರ, ಬೆನ್ನು ಕಂಡಿತೋ ಮುಖವೋ, ಮೊದಲೇ ಪರಿಚಯವಿತ್ತೋ ಎಂಬುದು ಪೊಲೀಸರ ಮುಂದಿನ ಮೊದಲ ಹೇಳಿಕೆಯಲ್ಲೇ ಇರಬೇಕು. ಅಲ್ಲಿ ಬಿಟ್ಟದ್ದನ್ನು ಕೋರ್ಟಿನಲ್ಲಿ ಸೇರಿಸಿದರೆ ‘ಸುಧಾರಿಸಿದ ಸಾಕ್ಷ್ಯ’ ಎನ್ನುತ್ತಾರೆ.

ಆಸ್ಪತ್ರೆಯ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಅನುಮಾನ ಹುಟ್ಟುವುದೇ ಅಲ್ಲಿ. ಪೊಲೀಸ್ ಗದ್ದಲ ಬೇಡವೆಂದು ಮನೆಯವರು ಡಾಕ್ಟರ ಮುಂದೆ ‘ಬಿದ್ದು ಪೆಟ್ಟಾತ್ರಿ’ ಎಂದು ಬರೆಸಿ, ಎರಡು ದಿನ ಬಿಟ್ಟು ಫಿರ್ಯಾದಿ ಕೊಡುವುದು ನಮ್ಮ ಭಾಗದ ಹಳೆಯ ರೋಗ. ಎಂಎಲ್‌ಸಿ (ಹೊಡೆತ, ಅಪಘಾತದಂಥ ಪೊಲೀಸ್ ಪ್ರಕರಣಗಳನ್ನು ಆಸ್ಪತ್ರೆ ಬರೆದಿಡುವ) ರಜಿಸ್ಟರಿನಲ್ಲಿ ಏನು ಬರೆದಿದೆ, ಯಾರು ಹೇಳಿದ್ದು, ಎಷ್ಟು ಗಂಟೆಗೆ, ಮೊದಲು ಅದನ್ನು ತಿಳಿದುಕೊಳ್ಳಿ. ‘ಬಿದ್ದು’ ಎಂದೇ ಬರೆದಿದ್ದರೆ ಹಾಗೇಕೆ ಹೇಳಿದಿರಿ ಎಂಬುದಕ್ಕೆ ಸತ್ಯವಾದ ಉತ್ತರ ಬೇಕು. ಮುಚ್ಚಿಟ್ಟರೆ ಪ್ರಯೋಜನವಿಲ್ಲ, ಅದರ ನಕಲು ಎದುರಿನವರ ಕೈಯಲ್ಲೂ ಇರುತ್ತದೆ.

ಹದ್ದುಬಸ್ತಿನ ತಕರಾರು ಕಲಂ 6ರಡಿ ಉದ್ದೇಶಕ್ಕೆ ಪುರಾವೆ. ಬಾಯಿಮಾತು ಬೇಡ. ಮೋಜಣಿಗೆ ಕೊಟ್ಟ ಅರ್ಜಿ, ನೋಟಿಸು, ನಕಾಶೆ, ಹಿಂದೆ ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ ಇವನ್ನು ತನಿಖಾಧಿಕಾರಿಗೆ ಕೊಡಿ. ಇದು ಎರಡೂ ಕಡೆ ಕೊಯ್ಯುತ್ತದೆ ಎಂಬುದು ನೆನಪಿರಲಿ: ಅದೇ ದ್ವೇಷದಿಂದ ನೀವೇ ಸುಳ್ಳು ಕೇಸು ಹೂಡಿದ್ದೀರಿ ಎಂದು ಅವರು ವಾದಿಸುತ್ತಾರೆ. ಚಹಾದಂಗಡಿಯ ಬೆದರಿಕೆಗೂ ಅದೇ ಕಲಂ. ಅಲ್ಲಿದ್ದವರಲ್ಲಿ ಯಾರು ಕೇಳಿದರು, ಯಾವ ಶಬ್ದ ಆಡಿದ ಎಂಬುದು ಬೇಕು. ಫಿರ್ಯಾದಿಯಲ್ಲಿ ಅದರ ಸುದ್ದಿಯೇ ಇಲ್ಲದೆ, ದೋಷಾರೋಪಣ ಪಟ್ಟಿ ಬಂದ ಮೇಲೆ ನೆನಪಾದರೆ ಅದಕ್ಕೆ ಬೆಲೆಯಿಲ್ಲ.

ಓಡಿಹೋದದ್ದು ಸುಸಂಗತವೇ, ಆದರೆ ತೀರಾ ಹಗುರ. ನಿರಪರಾಧಿಯೂ ಹೆದರಿ ಓಡಬಹುದು ಎಂದು 1971ರ ಮಾತ್ರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಬರೀ ಕೀಲಿ ಹಾಕಿದ ಬಾಗಿಲನ್ನು ನಂಬಿ ಕೂರಬೇಡಿ.

ನೆಲದ ಮೇಲಿನ ಗುರುತು ಕಲಂ 5ಕ್ಕೆ ಸೇರುತ್ತದೆ. ಒದ್ದಾಡಿದ ಜಾಗ, ತುಳಿದ ಪೈರು, ಹೆಜ್ಜೆ, ರಕ್ತ. ಎರಿ ಹೊಲದಲ್ಲಿ ಒಂದು ಮಳೆ ಬಿದ್ದರೆ ಅಥವಾ ಒಮ್ಮೆ ಕುಂಟೆ ಹೊಡೆದರೆ ಎಲ್ಲ ಹೋಯಿತು. ಪಂಚನಾಮೆ ಮುಗಿಯುವವರೆಗೆ ಆ ಜಾಗಕ್ಕೆ ಯಾರನ್ನೂ ಬಿಡಬಾರದು. ರಕ್ತದ ಮಣ್ಣು ಬೇರೆ, ಪಕ್ಕದ ಬರೀ ಮಣ್ಣು ಬೇರೆ, ಎರಡೂ ಪೊಟ್ಟಣ ಇರಬೇಕು. ಹೋಲಿಸಲು ಮಾದರಿಯೇ ಇಲ್ಲದಿದ್ದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಅಣ್ಣನ ಅಂಗಿಯನ್ನು ತೊಳೆಯಬೇಡಿ, ಹಸಿಯಾಗಿ ಪ್ಲಾಸ್ಟಿಕ್ ಚೀಲಕ್ಕೂ ತುರುಕಬೇಡಿ. ಬೂಸಲು ಬಂದರೆ ರಕ್ತದ ಗುಂಪು ಸಿಗುವುದೇ ಕಷ್ಟ. ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಪೊಲೀಸರಿಗೆ ಒಪ್ಪಿಸಿ.

ಕುಡಗೋಲು ಇನ್ನೂ ಸಿಕ್ಕಿಲ್ಲವೆಂದು ಕಾಣುತ್ತದೆ. ಆರೋಪಿ ಪೊಲೀಸರ ಮುಂದೆ ‘ಹೌದು, ಹೊಡೆದೆ’ ಎಂದರೆ ಅದು ಕಲಂ 23ರಂತೆ ಅವನ ವಿರುದ್ಧ ನಡೆಯುವುದಿಲ್ಲ. ‘ಇಂಥಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂದು ಹೇಳಿ, ಅದರಂತೆ ವಸ್ತು ಸಿಕ್ಕರೆ, ಆ ಸಿಕ್ಕ ಸಂಗತಿಗೆ ನೇರವಾಗಿ ಅಂಟಿದ ಮಾತಷ್ಟೇ ಒಳಗೆ ಬರುತ್ತದೆ. 1946ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಪೀಠ) ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಎಳೆದ ಗೆರೆ ಇಂದಿಗೂ ಅದೇ. ಎಲ್ಲರೂ ಓಡಾಡುವ ಬದುವಿನ ಮೇಲೆ ಸಿಕ್ಕ ಕುಡಗೋಲಿಗೆ ತೂಕ ಕಡಿಮೆ; ಕಣಿಕೆ ಬಣವೆಯೊಳಗೆ, ಅವನೊಬ್ಬನಿಗೇ ಗೊತ್ತಿದ್ದ ಜಾಗದಲ್ಲಿ ಸಿಕ್ಕರೆ ಮಾತು ಬೇರೆ.

ಬ್ಯಾಡಗಿಯಲ್ಲಿದ್ದೆ ಎಂಬ ವಾದ ಕಲಂ 9. ಅಲ್ಲಿದ್ದುದನ್ನು ತೋರಿಸುವ ಹೊಣೆ ಅವನದೇ. ಆ ಹೊತ್ತಿಗೆ ನಿಮ್ಮ ಹೊಲದಲ್ಲಿ ಇರುವುದು ಅಸಾಧ್ಯವಾಗಿತ್ತು ಎನ್ನುವಷ್ಟು ಖಚಿತವಾಗಿ ತೋರಿಸಬೇಕು (ಬಿನಯ್ ಕುಮಾರ್ ಸಿಂಗ್ ಪ್ರಕರಣ, 1996). ಬೆಳಗಿನ ಟೆಂಡರಿನ ತಕ್ ಪಟ್ಟಿ (ಅಡತಿ ಅಂಗಡಿ ಕೊಡುವ ಮಾರಾಟದ ಲೆಕ್ಕದ ಚೀಟಿ) ತಂದರೆ ಸಂಜೆಯ ಲೆಕ್ಕ ಸಿಗುವುದಿಲ್ಲ, ಮಧ್ಯಾಹ್ನ ಮೆಣಸಿನಕಾಯಿ ತೂಗಿಸಿ ಹೊರಟರೂ ಹೊತ್ತು ಮುಳುಗುವುದರೊಳಗೆ ರೋಣದ ಕಡೆ ತಲುಪಬಹುದು. ದಾರಿಯ ಟೋಲ್, ಪೆಟ್ರೋಲ್ ಬಂಕ್, ಅಡತಿ ಅಂಗಡಿಯ ಕ್ಯಾಮೆರಾಗಳ ಬಗ್ಗೆ ತನಿಖಾಧಿಕಾರಿಗೆ ಈಗಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಡಿವಿಆರ್‌ನ (ಕ್ಯಾಮೆರಾ ದೃಶ್ಯ ಉಳಿಸಿಡುವ ಪೆಟ್ಟಿಗೆ) ಡಿಸ್ಕ್ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆಯೇ ಹೊಸದು ಕೂರುತ್ತದೆ. ಡಿವಿಆರ್ ಗಡಿಯಾರಕ್ಕೂ ಸರಿಯಾದ ಸಮಯಕ್ಕೂ ಎಷ್ಟು ವ್ಯತ್ಯಾಸವಿತ್ತು ಎಂಬುದು ಪಂಚನಾಮೆಯಲ್ಲಿ ದಾಖಲಾಗಬೇಕು. ಎಷ್ಟೋ ಕಡೆ ಅದು ತಪ್ಪೇ ತೋರಿಸುತ್ತಿರುತ್ತದೆ. ಅವನ ವಾದ ಬಿದ್ದರೆ ನಿಮ್ಮ ಕೇಸು ತಾನಾಗಿ ಗೆದ್ದಂತಲ್ಲ, ನಿಮ್ಮದು ನಿಮ್ಮ ಕಾಲ ಮೇಲೇ ನಿಲ್ಲಬೇಕು.

ಇನ್ನು ‘ಊರಿಗೆಲ್ಲ ಗೊತ್ತೈತಿ’. ಕಲಂ 49ರಂತೆ ಆರೋಪಿಯ ಕೆಟ್ಟ ನಡತೆ ಸುಸಂಗತವಲ್ಲ, ಅವನೇ ‘ನಾನು ಸಭ್ಯ’ ಎಂದು ಸಾಕ್ಷ್ಯ ಕೊಟ್ಟರೆ ಮಾತ್ರ ಉತ್ತರವಾಗಿ ತರಬಹುದು. ಹಿಂದೆ ಯಾರನ್ನೋ ಹೊಡೆದಿದ್ದ, ರೌಡಿ ಪಟ್ಟಿಯಲ್ಲಿದ್ದಾನೆ ಎಂಬುದರಿಂದ ಈ ಏಟು ಅವನದೇ ಎಂದಾಗುವುದಿಲ್ಲ. ಅದನ್ನೇ ಹೇಳಲು ಹತ್ತು ಮಂದಿಯನ್ನು ಗಾಡಿ ಮಾಡಿ ಕರೆತರಬೇಡಿ.

ಫೋನಿನಲ್ಲಿ ನಮ್ಮ ಎದುರಿನವನು ಒಪ್ಪಿಕೊಂಡ ಮಾತು ರೆಕಾರ್ಡ್ ಆಗಿದೆ. ಮೊಬೈಲ್ ಅಂಗಡಿಯವರು ಸದ್ದು ಕ್ಲಿಯರ್ ಮಾಡಿ ಸಿಡಿ ಮಾಡಿಕೊಡುತ್ತಾರಂತೆ, ಸರ್ಟಿಫಿಕೇಟೂ ಅವರೇ ಕೊಡುತ್ತಾರಂತೆ. — ಹಾವೇರಿ

ಆ ಅಂಗಡಿಯಿಂದ ಫೋನು ವಾಪಸ್ ತನ್ನಿ, ಮೊದಲು ಅದು. ಸದ್ದು ‘ಕ್ಲಿಯರ್’ ಮಾಡಿದ ಕಡತ ಎದುರಿನವರ ಪಾಲಿಗೆ ತಿದ್ದಿದ ಕಡತ. ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಯಾರಿಗೂ ದಾಟಿಸಬೇಡಿ, ತುದಿ ಕತ್ತರಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ, ಬದಲಿಸಲೂ ಬೇಡಿ. ಪ್ರತಿ ಹಾಜರುಪಡಿಸುವುದಾದರೆ ಕಲಂ 63(4)ರ ಪ್ರಮಾಣಪತ್ರ ಬೇಕು. ಕಾಯ್ದೆಯ ಅನುಸೂಚಿಯಲ್ಲೇ ಅದರ ನಮೂನೆ ಇದೆ: ಭಾಗ ‘ಎ’ ನೀವು, ಭಾಗ ‘ಬಿ’ ತಜ್ಞರು. ಉಪಕರಣದ ಕಂಪನಿ, ಮಾಡೆಲ್, ಬಣ್ಣ, ಐಎಂಇಐ ಸಂಖ್ಯೆ, ಜೊತೆಗೆ ಕಡತದ ಹ್ಯಾಶ್ ಮೌಲ್ಯ (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ, ಬೆರಳಚ್ಚಿನಂಥ ಗುರುತು) ಬರೆಯಬೇಕು. ಕಡತದಲ್ಲಿ ಒಂದು ಚೂರು ಬದಲಾದರೂ ಹ್ಯಾಶ್ ಬೇರೆಯೇ ಬರುತ್ತದೆ. ಫೋನನ್ನೇ ಹಾಜರುಪಡಿಸಿ, ಅದರ ಮಾಲೀಕರೇ ಸಾಕ್ಷಿ ಕಟ್ಟೆಯಲ್ಲಿ ರುಜುವಾತು ಮಾಡಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಹೇಳುತ್ತದೆ. ನನ್ನ ಕೇಳಿದರೆ ಎರಡನ್ನೂ ಇಟ್ಟುಕೊಳ್ಳಿ. ಝೆರಾಕ್ಸ್ ಅಂಗಡಿಯ ಸಿದ್ಧ ಪ್ರತಿಗಳಲ್ಲಿ ಹಲವು ಇನ್ನೂ ಹಳೆಯ ಕಾಯ್ದೆಯ 65ಬಿ ಕಲಮಿನ ನಮೂನೆಯವು. ಅವುಗಳಲ್ಲಿ ಹ್ಯಾಶ್ ಬರೆಯಲು ಜಾಗವೇ ಇರುವುದಿಲ್ಲ.

ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಿದರೆ ಸತ್ಯ ಹೊರಬರುವುದಿಲ್ಲವೇ? — ಧಾರವಾಡ

ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ, ಒಪ್ಪಿ ಕೂತರೂ ಅದರ ಫಲಿತಾಂಶವೇ ಪುರಾವೆಯಾಗುವುದಿಲ್ಲ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010.

ಗುಡಿಯಲ್ಲಿ ಆಣೆ ಮಾಡಲು ನಮ್ಮ ಎದುರಿನವನು ಹಿಂಜರಿದ. ಇದನ್ನು ಕೋರ್ಟಿಗೆ ಹೇಳಬಹುದೇ? — ಶಿಗ್ಗಾಂವಿ

ಬೇಡ.

ಸಂಬಂಧಿಕರ ಸಾಕ್ಷಿ ನಡೆಯುವುದಿಲ್ಲವಂತೆ, ಕನಿಷ್ಠ ಮೂರು ಮಂದಿ ಬೇಕಂತೆ? — ಮುಂಡರಗಿ

ಎರಡೂ ಸುಳ್ಳು. ಕಲಂ 139 ಇಂತಿಷ್ಟೇ ಸಾಕ್ಷಿ ಬೇಕೆಂದು ಹೇಳುವುದಿಲ್ಲ. ಸಂಬಂಧಿಕರ ಮಾತನ್ನು ಎಚ್ಚರದಿಂದ ತೂಗುತ್ತಾರೆ, ಎಸೆಯುವುದಿಲ್ಲ. ಹೀಗೆ ಹೇಳಿ ಬಾಡಿಗೆ ಸಾಕ್ಷಿ ಹೊಂದಿಸಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ಜೈಲಿನ ದಾರಿ ಅದು.

ರಾಣೆಬೆನ್ನೂರಿನ ಅಡತಿ ಅಂಗಡಿಯ ಕೀರ್ದಿಯಲ್ಲಿ ಬಾಕಿ ಬರೆದಿದೆ. ವಸೂಲಿಗೆ ಅಷ್ಟೇ ಸಾಕಲ್ಲವೇ?

ಸಾಲದು. ವ್ಯಾಪಾರದ ಕ್ರಮದಲ್ಲಿ ಬಿಡದೆ ಬರೆದುಕೊಂಡು ಬಂದ ಕೀರ್ದಿ, ಖಾತಾವಣಿ ಕಲಂ 28ರಂತೆ ಸುಸಂಗತ, ಆದರೆ ಅದೊಂದರಿಂದಲೇ ಯಾರ ಮೇಲೂ ಬಾಕಿ ಹೊರಿಸುವಂತಿಲ್ಲ. ತೂಕದ ಚೀಟಿ, ತಕ್ ಪಟ್ಟಿ, ಬ್ಯಾಂಕ್ ವಿವರ ಜೊತೆಗಿಡಿ. ಬರೆದ ಗುಮಾಸ್ತರನ್ನು ಸಾಕ್ಷಿಗೆ ಕರೆಸಿ. ಬಿಳಿ ಚೀಟಿಗಳನ್ನು ದಾರದಲ್ಲಿ ಪೋಣಿಸಿಟ್ಟು ಅದನ್ನೇ ಲೆಕ್ಕದ ಪುಸ್ತಕ ಎನ್ನಬೇಡಿ. ಬಿಡಿ ಹಾಳೆ ಪುಸ್ತಕವಲ್ಲ ಎಂದು 1998ರಲ್ಲೇ ಸುಪ್ರೀಂ ಕೋರ್ಟ್ ವಿ.ಸಿ. ಶುಕ್ಲಾ ಪ್ರಕರಣದಲ್ಲಿ ತೀರ್ಮಾನಿಸಿದೆ.