ಸಂಪಾದಕರ ಉತ್ತರ: 275 ಸಿಸಿಯೋ, 350 ಸಿಸಿಯೋ?

ಡೊಂಬಿವಲಿಯ ತಂಗಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂತ ಪತ್ರದಲ್ಲಿ ಎರಡು ಸಲ ಬರೆದಿದ್ದೀರಿ. ಹಾಕುವುದಿಲ್ಲ. ಊರು ಮಾತ್ರ ಇರಲಿ. ಡೊಂಬಿವಲಿಯಲ್ಲಿ ಕನ್ನಡದ ಮನೆಗಳು ಒಂದೆರಡಲ್ಲ, ಯಾರಿಗೂ ಗುರುತು ಸಿಗುವುದಿಲ್ಲ.

ಉಳಿದ ಓದುಗರಿಗಾಗಿ ಪತ್ರದ ವಿಷಯ ಇಷ್ಟು. ಇವರಿಗೆ 36 ವರ್ಷ, ಎತ್ತರ ಐದಡಿ ಒಂದಿಂಚು. ಇಬ್ಬರು ಮಕ್ಕಳಿಗೂ ಎರಡೆರಡು ವರ್ಷ ಹಾಲು ಕೊಟ್ಟಿದ್ದಾರೆ. ಈಗ ಎದೆ 'ಹಬ್ಬ ಮುಗಿದ ಮೇಲಿನ ಬಲೂನಿನ ಹಾಗೆ' ಆಗಿದೆಯಂತೆ. ಇಂಪ್ಲಾಂಟ್, ಅಂದರೆ ಎದೆ ತುಂಬಿ ಕಾಣಲು ಆಪರೇಷನ್ ಮಾಡಿ ಒಳಗೆ ಇಡುವ ಚೀಲ, ಹಾಕಿಸಿಕೊಳ್ಳುವ ಮನಸ್ಸು ಮಾಡಿದ್ದಾರೆ. ಒಬ್ಬ ಡಾಕ್ಟರು 275 ಸಿಸಿ ಅಂದರು, ಇನ್ನೊಬ್ಬರು 350 ಅಂದರು. ಆಫೀಸಿನ ಗೆಳತಿ 400 ಹಾಕಿಸಿಕೊಂಡಿದ್ದಾಳೆ. 'ದೊಡ್ಡದೇ ಹಾಕಿಸು ಮಾರಾಯ್ತಿ, ಸಣ್ಣದು ಹಾಕಿಸಿದವರೆಲ್ಲ ಆಮೇಲೆ ಕೈ ಕೈ ಹಿಸುಕಿಕೊಳ್ತಾರೆ' ಅಂತ ಅವಳ ಉಪದೇಶ. ಗಂಡ 'ನಿನ್ನಿಷ್ಟ' ಅಂದು ಟಿವಿಯ ಕಡೆ ತಿರುಗಿದ್ದಾರೆ. ಪ್ರಶ್ನೆ ಎರಡು: ಯಾವ ಅಂಕಿ ಸರಿ? ಕುಂದಾಪುರದಿಂದ ಬಂದು ಜೊತೆಗಿರುವ ಅತ್ತೆಗೆ ಗೊತ್ತಾಗದ ಹಾಗೆ ಇದೆಲ್ಲ ಆಗುತ್ತಾ?

'ಇಂಥದ್ದನ್ನು ಕನ್ನಡ ಪತ್ರಿಕೆಗೆ ಬರೆಯಬಹುದೋ ಇಲ್ಲವೋ' ಅಂತಲೂ ಕೇಳಿದ್ದೀರಿ. ಮುಂಬಯಿ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಗರ್ಭಕೋಶದಿಂದ ಹಿಡಿದು ಗಂಡನ ಸಾಲದವರೆಗೆ ಎಲ್ಲ ಮಾತಾಡುತ್ತೇವೆ. ಇಲ್ಲಿ ಯಾಕೆ ನಾಚಿಕೆ?

ನಾನು ಡಾಕ್ಟರಲ್ಲ. ಪತ್ರ ಬಂದ ಮೇಲೆ ಪರಿಚಯದ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಎದುರು ಒಂದು ಗಂಟೆ ಕೂತು ಕೇಳಿದೆ, ಸಾಕಷ್ಟು ಓದಿದೆ. ಒಂದು ಪ್ರಯೋಗವನ್ನೂ ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ 'ಸಿಸಿ'ಯ ವಿಷಯ. ಅದು ಒಳಗೆ ತುಂಬಿರುವುದರ ಅಳತೆ ಅಷ್ಟೇ. ಒಂದು ಸಿಸಿ ಅಂದರೆ ಒಂದು ಮಿಲಿಲೀಟರ್. ಒಂದು ಲೋಟ ಪಾಯಸವನ್ನು ಹರಿವಾಣಕ್ಕೆ ಸುರಿದರೆ ತಳ ಮುಚ್ಚುವುದೂ ಕಷ್ಟ. ಅದೇ ಪಾಯಸ ಸಣ್ಣ ಬಟ್ಟಲಿಗೆ ಹಾಕಿದರೆ ಅಂಚಿಗೆ ಬರುತ್ತದೆ. ಎದೆಗೂಡು ಅಗಲ ಇರುವವರ ಮೈಯಲ್ಲಿ 350 ಸಿಸಿ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ನಿಮ್ಮಂಥ ಸಣ್ಣ ಮೈಕಟ್ಟಿನವರಿಗೆ ಅದೇ 350 ಕಂಕುಳಿನ ಹತ್ತಿರ ಒತ್ತಬಹುದು, ಮಧ್ಯದಲ್ಲಿ ಎರಡೂ ಒಂದಕ್ಕೊಂದು ತಾಗಬಹುದು. ಗೆಳತಿ ಐದಡಿ ಎಂಟಿಂಚು, ವಾಲಿಬಾಲ್ ಆಡಿದವಳು ಅಂತ ನೀವೇ ಬರೆದಿದ್ದೀರಿ. ಅವಳ 400 ಅವಳದ್ದು.

ಹಾಗಾದರೆ ಡಾಕ್ಟರು ಮೊದಲು ನೋಡಬೇಕಾದ್ದು ಏನು? ಅಗಲ. ಎದೆಯ ಬುಡ ಒಳಗಿನ ಅಂಚಿನಿಂದ ಹೊರಗಿನ ಅಂಚಿಗೆ ಎಷ್ಟು ಸೆಂಟಿಮೀಟರ್ ಇದೆ ಅಂತ ಅಳೆಯುತ್ತಾರೆ. ಇಂಪ್ಲಾಂಟಿನ ಅಗಲ ಅದನ್ನು ಮೀರಬಾರದು. ಆಮೇಲೆ ಎದೆಯ ಮೇಲ್ಭಾಗದ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ದಪ್ಪ ನೋಡುತ್ತಾರೆ. ಎರಡು ಸೆಂಟಿಮೀಟರಿಗಿಂತ ಕಡಿಮೆ ಸಿಕ್ಕರೆ ಮೇಲಿನ ಹೊದಿಕೆ ತೆಳು ಅಂತ ಅರ್ಥ. ಅಂಥವರಿಗೆ ಇಂಪ್ಲಾಂಟನ್ನು ಸ್ವಲ್ಪವಾದರೂ ಸ್ನಾಯುವಿನ ಅಡಿಗೆ ಇಡುವುದು ರೂಢಿ. ಇಲ್ಲದಿದ್ದರೆ ಅದರ ಅಂಚು, ಸುಕ್ಕು ಹೊರಗೆ ಕಾಣಿಸುತ್ತದೆ. ಚರ್ಮ ಎಷ್ಟು ಹಿಗ್ಗುತ್ತದೆ, ಮೊಲೆತೊಟ್ಟಿನಿಂದ ಎದೆಯ ಕೆಳಗಿನ ಮಡಿಕೆಗೆ ಎಷ್ಟು ದೂರ ಅನ್ನುವುದನ್ನೂ ಬರೆದುಕೊಳ್ಳುತ್ತಾರೆ. ಒಳ್ಳೆಯ ಬ್ಲೌಸ್ ಟೈಲರ್ ಟೇಪ್ ಹಿಡಿಯದೆ ಕತ್ತರಿ ಹಿಡಿಯುತ್ತಾನಾ?

ಈಗ ನಿಮ್ಮ ಇಬ್ಬರು ಡಾಕ್ಟರುಗಳ ಜಗಳ. ಅದು ಜಗಳವೇ ಅಲ್ಲದಿರಬಹುದು. ಒಂದೇ ಅಗಲದ ಇಂಪ್ಲಾಂಟ್ ಬೇರೆ ಬೇರೆ ಎತ್ತರದಲ್ಲಿ ಬರುತ್ತದೆ. ಎದೆಯಿಂದ ಎಷ್ಟು ಮುಂದಕ್ಕೆ ಚಾಚುತ್ತದೆ ಅನ್ನುವುದಕ್ಕೆ 'ಪ್ರೊಫೈಲ್' ಅನ್ನುತ್ತಾರೆ. ಲೋ, ಮಾಡರೇಟ್, ಹೈ, ಎಕ್ಸ್‌ಟ್ರಾ ಹೈ ಅಂತ. ಸುಮಾರು 11.5 ಸೆಂಟಿಮೀಟರ್ ಅಗಲದ್ದು ಮಾಡರೇಟ್‌ನಲ್ಲಿ 200 ಚಿಲ್ಲರೆ ಸಿಸಿ ಇದ್ದರೆ, ಹೈನಲ್ಲಿ 300 ದಾಟಬಹುದು. ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರು ಮನಸ್ಸಿನಲ್ಲಿ ಮಾಡರೇಟ್ ಇಟ್ಟುಕೊಂಡು 275 ಅಂದಿರಬಹುದು, ಇನ್ನೊಬ್ಬರು ಹೈ ಇಟ್ಟುಕೊಂಡು 350. ಇಬ್ಬರಿಗೂ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ನನ್ನ ಎದೆಯ ಅಗಲ ಎಷ್ಟು ಬರೆದುಕೊಂಡಿದ್ದೀರಿ, ಯಾವ ಪ್ರೊಫೈಲ್, ಮೇಲಿನ ದಪ್ಪ ಎಷ್ಟು ಸಿಕ್ಕಿತು, ಸ್ನಾಯುವಿನ ಮೇಲೋ ಕೆಳಗೋ. ಅಳತೆಯೇ ತೆಗೆದುಕೊಳ್ಳದೆ ಕಣ್ಣಲ್ಲೇ ನೋಡಿ ಅಂಕಿ ಹೇಳಿದವರಿದ್ದರೆ, ಅವರ ಕ್ಲಿನಿಕ್ ಎಷ್ಟು ಚೆನ್ನಾಗಿದ್ದರೂ ಅಲ್ಲಿಗೆ ಮತ್ತೆ ಹೋಗಬೇಡಿ.

'ನನಗೆ ಸಿ ಕಪ್ ಆದರೆ ಸಾಕು' ಅಂತ ಬರೆದಿದ್ದೀರಿ. ಆಸೆ ತಪ್ಪಲ್ಲ, ಆದರೆ ಕಪ್ ನಂಬುವ ಅಳತೆ ಅಲ್ಲ. 34 ಬಿಗಿಂತ 36 ಬಿಯಲ್ಲಿ ಜಾಸ್ತಿ ಹಿಡಿಸುತ್ತದೆ. ಒಂದು ಕಂಪನಿಯ ಸಿ ಇನ್ನೊಂದರಲ್ಲಿ ಡಿ ಆಗಿರುತ್ತದೆ. ದಾದರ್ ಸ್ಟೇಷನ್ ಹೊರಗೆ ಬ್ರಾ ಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅದಕ್ಕೇ ಸರ್ಜನ್‌ಗಳು ಇಂಥದ್ದೇ ಕಪ್ ಆಗುತ್ತದೆ ಅಂತ ಮಾತು ಕೊಡುವುದಿಲ್ಲ. 150ರಿಂದ 200 ಸಿಸಿಗೆ ಒಂದು ಕಪ್ ಅನ್ನುವ ಲೆಕ್ಕವೂ ಅಂದಾಜು ಮಾತ್ರ. ಕಪ್ ಹೇಳುವ ಬದಲು ನಿಮಗೆ ಇಷ್ಟವಾದ ಫೋಟೋ ತೋರಿಸಿ. ನಿಮ್ಮಷ್ಟೇ ಎತ್ತರ, ನಿಮ್ಮಂಥದೇ ಮೈಕಟ್ಟಿನವರ ಮೊದಲಿನ ಮತ್ತು ಆಮೇಲಿನ ಫೋಟೋ ಇದ್ದರೆ ತೋರಿಸಿ ಅಂತ ಡಾಕ್ಟರನ್ನೂ ಕೇಳಿ.

ಇನ್ನು ನನ್ನ ಪ್ರಯೋಗ. ಸೈಜ್ ಅಂದಾಜಿಸಲು ಅಕ್ಕಿ ಚೀಲದ ಉಪಾಯವೊಂದಿದೆ. ತೆಳ್ಳಗಿನ ನೈಲಾನ್ ಕಾಲುಚೀಲಕ್ಕೆ ಅಳತೆ ಲೋಟದಿಂದ ಅಕ್ಕಿ ತುಂಬಿ, ಗಂಟು ಹಾಕಿ, ಚಪ್ಪಟೆ ಮಾಡಿ ಬ್ರಾದೊಳಗೆ ಇಟ್ಟುಕೊಳ್ಳುವುದು. ಬ್ರಾ ಸ್ವಲ್ಪ ಹಿಗ್ಗುವಂಥದ್ದು, ಪ್ಯಾಡ್ ಇಲ್ಲದ್ದು ಇರಬೇಕು. ನಾನು 300 ಮಿಲಿಲೀಟರಿನಷ್ಟು ಕೋಲಮ್ ಅಕ್ಕಿ ತುಂಬಿದೆ, ಎರಡು ಚೀಲ. ಕನ್ನಡಿ ಮುಂದೆ ನಿಂತಾಗ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಹಾಗೇ ಚೂಡಿದಾರ ಹಾಕಿಕೊಂಡು ಥಾಣೆಯಿಂದ ಮಾಟುಂಗಾಕ್ಕೆ ಸ್ಲೋ ಲೋಕಲ್ ಹತ್ತಿದೆ. ಘಾಟ್ಕೋಪರ್‌ನಲ್ಲಿ ಮೈಮೇಲೆ ಜನ ಬಿದ್ದರು. ಬ್ಯಾಗನ್ನು ಎದೆಗೆ ಅವುಚಿಕೊಳ್ಳುವುದು ನನ್ನ ಇಪ್ಪತ್ತು ವರ್ಷದ ಅಭ್ಯಾಸ, ಅವತ್ತು ಬ್ಯಾಗಿಗೆ ಜಾಗವೇ ಸಾಲಲಿಲ್ಲ. ಸಂಜೆ ಹೊತ್ತಿಗೆ ಬ್ರಾ ಪಟ್ಟಿ ಹೆಗಲಲ್ಲಿ ಗೆರೆ ಕೊರೆದಿತ್ತು.

ತಮಾಷೆ ಏನೆಂದರೆ ಅಕ್ಕಿ ಇನ್ನೂ ಹಗುರ. 300 ಮಿಲಿ ಅಕ್ಕಿ ಅಡುಗೆಮನೆಯ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಕಾಲು ಕಿಲೋ ತೂಗಿತು. ಸಿಲಿಕೋನ್ ಜೆಲ್ ಆದರೆ 300 ಗ್ರಾಮಿನ ಹತ್ತಿರ. ಗೆಳತಿಯ ಲೆಕ್ಕದಲ್ಲಿ ಎರಡೂ ಸೇರಿ 800 ಗ್ರಾಂ ಹತ್ತಿರ ಆಯಿತು. ರಾತ್ರಿ ಬಿಚ್ಚಿಡುವ ಹಾಗೂ ಇಲ್ಲ. ಇನ್ನೊಂದು ಮಾತು: ಹೊರಗಿಟ್ಟ ಚೀಲ ಒಳಗೆ ಹೋಗುವ ಇಂಪ್ಲಾಂಟಿಗಿಂತ ತುಸು ದೊಡ್ಡದಾಗಿಯೇ ಕಾಣುತ್ತದೆ. ಹಾಗಾಗಿ ಇದರಿಂದ ಕರಾರುವಾಕ್ ಅಂಕಿ ಸಿಗುವುದಿಲ್ಲ. ನಿಮಗೆ ಸಣ್ಣದು ಬೇಕೋ, ದೊಡ್ಡದು ಬೇಕೋ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಎರಡು ದಿನ 250, ಎರಡು ದಿನ 350 ಇಟ್ಟುಕೊಂಡು ಅಡುಗೆ ಮಾಡಿ, ಮಗುವನ್ನು ಎತ್ತಿಕೊಳ್ಳಿ, ನಿಮ್ಮ ಹಳೇ ಬ್ಲೌಸ್ ಹಾಕಿ ನೋಡಿ. ಕ್ಲಿನಿಕ್ಕಿನಲ್ಲಿ ಇಟ್ಟು ನೋಡಲು ನಿಜವಾದ ಅಳತೆಯ ಮಾದರಿಗಳು, ಅಂದರೆ ಸೈಜರ್‌ಗಳಿರುತ್ತವೆ, ಅಲ್ಲೂ ಕೇಳಿ.

ದೊಡ್ಡದೇ ಹಾಕಿಸು ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಆಪರೇಷನ್ ಆದ ಮೊದಲ ವಾರಗಳಲ್ಲಿ ಬಾವು ಇರುತ್ತದೆ. ಅದು ಇಳಿದ ಮೇಲೆ, ಕಣ್ಣಿಗೆ ರೂಢಿಯಾದ ಮೇಲೆ, 'ಇಷ್ಟೇನಾ' ಅನ್ನಿಸುವವರು ಇದ್ದಾರೆ. ಆದರೆ ದೊಡ್ಡದು ಹಾಕಿಸಿದವರ ಕಷ್ಟ ಬರುವುದು ತಡವಾಗಿ. ಭಾರಕ್ಕೆ ಚರ್ಮ ತೆಳುವಾಗುತ್ತದೆ, ಎದೆ ಜೋತು ಬೀಳುತ್ತದೆ, ಇಂಪ್ಲಾಂಟ್ ಮಡಿಕೆಯಿಂದ ಕೆಳಗೆ ಜಾರಬಹುದು. ಕುತ್ತಿಗೆ, ಬೆನ್ನು ನೋವು ಬೇರೆ. ಆಗ ಮತ್ತೆ ಆಪರೇಷನ್. ನನ್ನನ್ನು ಕೇಳಿದರೆ, ಅಗಲದ ಮಿತಿಯೊಳಗೆ ಎರಡು ಅಂಕಿಯ ನಡುವೆ ತೂಗಾಡುತ್ತಿದ್ದರೆ ಸಣ್ಣದರ ಕಡೆಗೇ ಹೋಗಿ.

ಡಾಕ್ಟರು ಹೇಳಿದ್ದಾರೋ ಇಲ್ಲವೋ ನೀವು ಬರೆದಿಲ್ಲ, ಆದರೆ ಹಾಲು ಕೊಟ್ಟು ಇಳಿದ ಎದೆಗೆ ಇದು ಮುಖ್ಯ: ಮೊಲೆತೊಟ್ಟು ಕೆಳಗಿನ ಮಡಿಕೆಗಿಂತ ಕೆಳಗೆ ಬಂದಿದ್ದರೆ ಬರೀ ಇಂಪ್ಲಾಂಟಿನಿಂದ ಕೆಲಸ ಆಗುವುದಿಲ್ಲ. ಸಡಿಲ ಚರ್ಮ ತೆಗೆದು ಎದೆಯನ್ನು ಮೇಲಕ್ಕೆತ್ತುವ 'ಲಿಫ್ಟ್' ಅನ್ನುವ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಸಡಿಲ ಚರ್ಮವನ್ನು ಸುಮ್ನೆ ದೊಡ್ಡ ಇಂಪ್ಲಾಂಟಿನಿಂದ ತುಂಬಿಬಿಡೋಣ ಅನ್ನುವುದು ಹರಿದ ಚೀಲಕ್ಕೆ ಜಾಸ್ತಿ ಸಾಮಾನು ತುರುಕಿದ ಹಾಗೆ. ಕೆಲವರಿಗೆ ಲಿಫ್ಟ್ ಒಂದೇ ಸಾಕಾಗುತ್ತದೆ, ಇಂಪ್ಲಾಂಟೇ ಬೇಡ. ಇದನ್ನು ಖಂಡಿತ ಕೇಳಿ.

ನನ್ನ ದೊಡ್ಡಮ್ಮನ ಮಗಳಿಗೆ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎದೆಯ ಒಂದು ಬದಿ ತೆಗೆದರು. ಆಮೇಲೆ ಇಂಪ್ಲಾಂಟ್ ಹಾಕಿಸಿಕೊಳ್ಳುವಾಗ ಅವಳ ಪ್ರಶ್ನೆ ದೊಡ್ಡದೋ ಸಣ್ಣದೋ ಅಲ್ಲ, ಇನ್ನೊಂದು ಬದಿಗೆ ಸಮ ಆಗುತ್ತಾ ಅನ್ನುವುದು. ಅವಳಿಗೂ ಅಗಲದಿಂದಲೇ ಶುರು ಮಾಡಿದರು, ಸ್ಕೇಲ್ ಹಿಡಿದು.

ಇಂಪ್ಲಾಂಟ್ ಆಯುಸ್ಸಿಡೀ ಇರುವ ವಸ್ತು ಅಲ್ಲ. ಸುತ್ತ ಬೆಳೆಯುವ ಪೊರೆ ಕೆಲವರಿಗೆ ಗಟ್ಟಿಯಾಗಿ ಹಿಂಡುತ್ತದೆ, ಕೆಲವೊಮ್ಮೆ ಇಂಪ್ಲಾಂಟೇ ಒಡೆಯುತ್ತದೆ. ಸಿಲಿಕೋನ್ ಒಡೆದರೆ ಹೊರಗೆ ಗೊತ್ತಾಗದೇ ಇರಬಹುದು. ಅದಕ್ಕೆ ಐದಾರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅನ್ನುತ್ತದೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ. 36ಕ್ಕೆ ಹಾಕಿಸಿದರೆ ಜೀವನದಲ್ಲಿ ಇನ್ನೊಂದು ಆಪರೇಷನ್ನಿಗೆ ದುಡ್ಡು ತೆಗೆದಿಡಿ. ಅಂದಕ್ಕಾಗಿ ಮಾಡಿಸುವುದಕ್ಕೆ ಇನ್ಶೂರೆನ್ಸ್ ಬರುವುದಿಲ್ಲ.

ಇಂಪ್ಲಾಂಟಿನ ಜೊತೆ ಕಂಪನಿ, ಸೈಜ್, ಸೀರಿಯಲ್ ನಂಬರ್ ಇರುವ ಕಾರ್ಡ್ ಕೊಡುತ್ತಾರೆ. ಅದನ್ನು ಪಾಸ್‌ಬುಕ್ಕಿನ ಜೊತೆ ಇಡಿ. ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆಗಳಲ್ಲಿ ಬಳಸುವ ಸಿಲಿಕೋನ್ ತುಂಬುತ್ತಿತ್ತು ಅಂತ 2010ರಲ್ಲಿ ಹೊರಬಿತ್ತು. ಅಪರೂಪದ ಒಂದು ಕ್ಯಾನ್ಸರಿನ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಒರಟು ಮೇಲ್ಮೈಯ ಬಯೋಸೆಲ್ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ತಮ್ಮ ಎದೆಯಲ್ಲಿರುವುದು ಯಾವುದು ಅಂತ ಗೊತ್ತಾಗಲು ಆಗ ಆ ಕಾರ್ಡೇ ಬೇಕಾಯಿತು. ಡಾಕ್ಟರ ಬೋರ್ಡಿನಲ್ಲಿ 'ಕಾಸ್ಮೆಟಿಕ್' ಅಂತ ಇದ್ದರೆ ಸಾಲದು, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡಿ. ಮುಂದೆ ಮ್ಯಾಮೊಗ್ರಾಂಗೆ ಹೋದಾಗ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಿ, ಅವರು ಬೇರೆ ರೀತಿ ತೆಗೆಯುತ್ತಾರೆ.

ಕೊನೆಗೆ ಅತ್ತೆಯ ಪ್ರಶ್ನೆ. ನಿಮ್ಮದು ಒನ್ ಬಿಎಚ್‌ಕೆ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ. ಕುಕ್ಕರ್ ಇಳಿಸುವವರು ಯಾರು, ಸಣ್ಣವನನ್ನು ಎತ್ತಿಕೊಳ್ಳುವವರು ಯಾರು? ಬೆಳಗಿನ ಡೊಂಬಿವಲಿ ಫಾಸ್ಟ್ ಅಂತೂ ದೂರದ ಮಾತು. ಅತ್ತೆಗೆ ಗೊತ್ತಾಗದೆ ಇರುತ್ತದಾ? ಅಂಗಳದಲ್ಲಿ ಕೂತೇ ಪಕ್ಕದ ಮನೆಯ ಬಸುರಿಯನ್ನು ಎರಡನೇ ತಿಂಗಳಿಗೆ ಪತ್ತೆ ಹಚ್ಚುವ ಊರಿನವರು ಅವರು. ಮುಚ್ಚಿಡಲು ಹೋದರೆ ನೀವು ವಿಶ್ರಾಂತಿ ತಪ್ಪಿಸುತ್ತೀರಿ, ಹೊಲಿಗೆಗೆ ತೊಂದರೆ. 'ಎದೆಗೆ ಒಂದು ಆಪರೇಷನ್ ಇದೆ, ಗಾಬರಿಯಾಗುವಂಥದ್ದೇನಲ್ಲ' ಅಂತ ಮೊದಲೇ ಹೇಳಿ. ಎಷ್ಟು ಬಿಡಿಸಿ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಟಿವಿ ನೋಡುತ್ತಿರುವವರಿಗೆ ಮಾತ್ರ ಆ ಆರು ವಾರದ ಕುಕ್ಕರಿನ ಡ್ಯೂಟಿ ಇವತ್ತೇ ಬರೆದುಕೊಡಿ.

ಡಾಕ್ಟರುಗಳು ಹೇಳಿದ ಅಗಲ, ಪ್ರೊಫೈಲ್ ಎರಡನ್ನೂ ನನಗೆ ಬರೆದು ಕಳಿಸಿ. ಕಾಲುಚೀಲ ಹೊಸದೇ ಇರಲಿ. ನಮ್ಮ ಮನೆಯ ಆ ಅಕ್ಕಿ ಮರುದಿನ ನೀರುದೋಸೆಯಾಯಿತು.