ಓದುಗರ ಪ್ರಶ್ನೆ: ನೆಲಕ್ಕೆ ಬಿದ್ದ ಮಾದರಿ ವಿಮಾನದ ಮೋಟಾರು

ಪ್ರಶ್ನೆ: ನಾನೇ ಫೋಮ್ ಬೋರ್ಡಿನಲ್ಲಿ ಕಟ್ಟಿದ ರಿಮೋಟ್ ವಿಮಾನ ಕಳೆದ ವಾರ ಉತ್ತ ಹೊಲದಲ್ಲಿ ಮೂತಿ ಕೆಳಗಾಗಿ ಬಿತ್ತು. ಅದರಲ್ಲಿರುವುದು 2212 ಅಳತೆಯ 1000 ಕೆವಿ ಬ್ರಶ್‌ಲೆಸ್ ಮೋಟಾರು, ಮೋಟಾರಿನ ವೇಗ ನಿಯಂತ್ರಿಸುವ 30 ಆಂಪಿಯರಿನ ಇಎಸ್‌ಸಿ ಮತ್ತು ಮೂರು ಸೆಲ್ಲಿನ ಲಿಪೋ ಬ್ಯಾಟರಿ. ಮುರಿದ ಪ್ರೊಪೆಲ್ಲರ್ ತೆಗೆದು ಹೊಸದು ಹಾಕಿದ್ದೇನೆ. ಮೋಟಾರು ತಿರುಗುತ್ತದೆ, ಆದರೆ ಕರಕರ ಸದ್ದು ಮಾಡುತ್ತ ಇಡೀ ಮೂತಿಯನ್ನೇ ನಡುಗಿಸುತ್ತದೆ. ಪಂಪ್‌ಸೆಟ್ ವೈಂಡಿಂಗ್ ಅಂಗಡಿಗೆ ಕೊಟ್ಟು ನೋಡು ಎಂದು ತಂದೆಯವರು ಹೇಳುತ್ತಾರೆ. ಕೊಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಮೋಟಾರು ಕೆಟ್ಟಿತೆಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ಸುಟ್ಟ ವೈಂಡಿಂಗ್, ನಿಮ್ಮ ತಂದೆಯವರ ಮಾತು ಸಹಜವಾದದ್ದೇ. ಆದರೆ ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ತೊಂದರೆ ಇರುವುದು ಬಹುಶಃ ಶಾಫ್ಟಿನಲ್ಲಿ, ಇಲ್ಲವೇ ಬೇರಿಂಗಿನಲ್ಲಿ. ಈ ಬಗೆಯ ಮೋಟಾರಿನಲ್ಲಿ ಸುರುಳಿಗಳು ಒಳಗೆ ಕದಲದೆ ಕುಳಿತಿರುತ್ತವೆ, ಆಯಸ್ಕಾಂತಗಳಿರುವ ಹೊರಗಿನ ಬಟ್ಟಲು ಶಾಫ್ಟಿನೊಂದಿಗೆ ಸುತ್ತುತ್ತದೆ. ಆದ್ದರಿಂದ ಮೂತಿಗೆ ಬಿದ್ದ ಪೆಟ್ಟು ಪ್ರೊಪೆಲ್ಲರಿನಿಂದ ಶಾಫ್ಟಿಗೆ, ಅಲ್ಲಿಂದ ಬಟ್ಟಲಿಗೂ ಬೇರಿಂಗಿಗೂ ಹೋಗುತ್ತದೆ. ಸುರುಳಿ ಸುಡುವುದು ಹೆಚ್ಚಾಗಿ ಬಿದ್ದ ಮೇಲೆ: ಪ್ರೊಪೆಲ್ಲರ್ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದರೂ ಗಾಬರಿಯಲ್ಲಿ ಥ್ರಾಟಲ್ ಇಳಿಸದೆ ಬಿಟ್ಟಾಗ. ಮೋಟಾರನ್ನು ಮೂಸಿ ನೋಡಿ. ವಾರ್ನಿಶ್ ಸುಟ್ಟ ವಾಸನೆ ಬರುತ್ತಿದ್ದರೆ, ತಾಮ್ರದ ತಂತಿ ಕಪ್ಪಾಗಿದ್ದರೆ ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ.

ಪ್ರೊಪೆಲ್ಲರನ್ನು ಬಿಚ್ಚಿಟ್ಟೇ ಕೆಲಸ ಆರಂಭಿಸಿ. ಮೇಜಿನ ಮೇಲೆ ಬೆರಳು ಕೊಯ್ದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಹಾಗೆ ಬಿಚ್ಚಿದ ಮೋಟಾರನ್ನು ಕಡಿಮೆ ಥ್ರಾಟಲಿನಲ್ಲಿ ಎರಡು ಮೂರು ಸೆಕೆಂಡು ಓಡಿಸಿ. ನಡುಕ ನಿಂತುಹೋದರೆ ದೋಷ ಹೊಸ ಪ್ರೊಪೆಲ್ಲರಿನ ತೂಕದ ಏರುಪೇರಿನದು ಅಥವಾ ಅದನ್ನು ಹಿಡಿದಿರುವ ಅಡಾಪ್ಟರಿನದು. ನಿಲ್ಲದಿದ್ದರೆ ಬ್ಯಾಟರಿ ತೆಗೆದು, ಇಎಸ್‌ಸಿಯಿಂದ ಮೂರೂ ತಂತಿಗಳನ್ನು ಬಿಡಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಇಟ್ಟು, ಬಟ್ಟಲನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಆಯಸ್ಕಾಂತ ಹಿಡಿದು ಬಿಟ್ಟು ಮಾಡುವ ಸಣ್ಣ ಸಣ್ಣ ಮೆಟ್ಟಿಲುಗಳು ಸುತ್ತಲೂ ಒಂದೇ ಸಮನಾಗಿ ಬೆರಳಿಗೆ ತಿಳಿಯಬೇಕು. ಒಂದು ಕಡೆ ಮಾತ್ರ ಉಜ್ಜಿದಂತಾದರೆ ಬಟ್ಟಲು ಓರೆಯಾಗಿದೆ ಅಥವಾ ಆಯಸ್ಕಾಂತವೊಂದು ಎದ್ದಿದೆ. ಉದ್ದಕ್ಕೂ ಮರಳು ಅರೆದಂತಾದರೆ ಮಣ್ಣು ಸೇರಿದೆ. ತಂತಿಗಳು ಬಿಡಿಯಾಗಿರುವಾಗಲೂ ಯಾರೋ ಬ್ರೇಕ್ ಹಿಡಿದಂತೆ ಬಿಗಿಯಾಗಿದ್ದರೆ ಮಾತ್ರ ವೈಂಡಿಂಗ್ ಶಾರ್ಟ್ ಆಗಿದೆಯೆಂದು ಶಂಕಿಸಬೇಕು.

ಹೊಲದ ಮಣ್ಣಿನಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿರುವುದರಿಂದ ಅವು ಆಯಸ್ಕಾಂತಕ್ಕೆ ಅಂಟಿಕೊಂಡು ಊದಿದರೂ ಬರುವುದಿಲ್ಲ. ಆಯಸ್ಕಾಂತಕ್ಕೂ ಸುರುಳಿಯ ಕಬ್ಬಿಣಕ್ಕೂ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದ್ದರಿಂದ ಒಂದೇ ಹರಳು ಸಿಕ್ಕಿಕೊಂಡರೂ ಕರಕರ ಸದ್ದು ಬರುತ್ತದೆ. ಮೋಟಾರಿನ ಹಿಂಬದಿಯಲ್ಲಿ ಶಾಫ್ಟನ್ನು ಹಿಡಿದಿರುವ ಸಣ್ಣ ಕ್ಲಿಪ್ಪನ್ನು ಹಾರಿಹೋಗದಂತೆ ಬಟ್ಟೆ ಮುಚ್ಚಿ ತೆಗೆದು, ಬಟ್ಟಲನ್ನು ನೇರವಾಗಿ ಎಳೆದು ಹೊರತೆಗೆಯಿರಿ. ಸೆಲ್ಲೋಟೇಪಿನ ಅಂಟುಬದಿಯನ್ನು ಒಳಗೆ ಒತ್ತಿ ಒತ್ತಿ ಎತ್ತಿದರೆ ಕಣಗಳೆಲ್ಲ ಬರುತ್ತವೆ. ಅನಂತರ ಆಯಸ್ಕಾಂತಗಳನ್ನು, ಸಾಮಾನ್ಯವಾಗಿ 14 ಇರುತ್ತವೆ, ಬೆಂಕಿಕಡ್ಡಿಯಿಂದ ಒಂದೊಂದಾಗಿ ತಳ್ಳಿ ನೋಡಿ. ಅಲುಗಾಡುವುದನ್ನು ತಿರುವಿ ಹಾಕದೆ, ಇದ್ದ ಮುಖವೇ ಒಳಗಿರುವಂತೆ ಕೂರಿಸಿ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ. ಬೇಗ ಒಣಗಲೆಂದು ಬಿಸಿಗಾಳಿ ಕೊಡಬೇಡಿ. ಸಾಧಾರಣ ದರ್ಜೆಯ ನಿಯೋಡಿಮಿಯಮ್ ಆಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಬಿರುಕು ಬಿಟ್ಟ ಆಯಸ್ಕಾಂತವಿದ್ದರೆ ಆ ಮೋಟಾರನ್ನು ಹಾರಿಸದಿರುವುದೇ ಲೇಸು.

ಶಾಫ್ಟ್ ಬಾಗಿದೆಯೇ ಎಂದು ತಿಳಿಯಲು ಅದನ್ನು ಬಟ್ಟಲಿನಿಂದ ಬೇರ್ಪಡಿಸಿ ಕನ್ನಡಿಯ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಇಣುಕುವುದೇ ನೋಡಿ. ಬಾಗಿದ್ದನ್ನು ಸುತ್ತಿಗೆಯಿಂದ ನೇರ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ 1000 ಕೆವಿ ಎಂದರೆ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು, ನಿಮ್ಮ 11.1 ವೋಲ್ಟಿನ ಬ್ಯಾಟರಿಯಲ್ಲಿ ಹೊರೆಯಿಲ್ಲದಾಗ ಸುಮಾರು 11,000 ಸುತ್ತು. ಆ ವೇಗದಲ್ಲಿ ಕಣ್ಣಿಗೆ ಕಾಣದ ಬಾಗೂ ಬೇರಿಂಗನ್ನು ತಿನ್ನುತ್ತದೆ. ಇದೇ ಅಳತೆಯ ಹೊಸ ಶಾಫ್ಟ್ ಹಾಕಿ. ಬಟ್ಟಲಿನ ತಿರುಪು ಅಂಟಿನಿಂದ ಬಿಗಿದಿದ್ದರೆ ಬೆಸುಗೆ ಹಾಕುವ ಕಡ್ಡಿಯ ತುದಿಯನ್ನು ತಿರುಪಿಗೆ ಮಾತ್ರ ಸ್ವಲ್ಪ ಹೊತ್ತು ತಾಗಿಸಿದರೆ ಸಡಿಲವಾಗುತ್ತದೆ.

ಮತ್ತೆ ಜೋಡಿಸುವಾಗ ಒಂದು ಎಚ್ಚರಿಕೆ. ಮೋಟಾರನ್ನು ಮೂತಿಗೆ ಬಿಗಿಯುವ ಮೌಂಟಿನ ಹಳೆಯ ತಿರುಪುಗಳು ಹೊಲದಲ್ಲಿ ಕಳೆದುಹೋದವೆಂದು ನಾನೊಮ್ಮೆ ಡಬ್ಬಿಯಲ್ಲಿ ಸಿಕ್ಕಿದ, ತುಸು ಉದ್ದದ ತಿರುಪುಗಳನ್ನೇ ಹಾಕಿದ್ದೆ. ಅವುಗಳ ಮೊನೆ ಸುರುಳಿಯ ಎನಾಮೆಲನ್ನು ಕೆರೆದು, ಬೀಳುವಾಗ ಏನೂ ಆಗದಿದ್ದ ಮೋಟಾರು ನನ್ನ ಕೈಯಲ್ಲಿ ಸುಟ್ಟುಹೋಯಿತು.

ವೈಂಡಿಂಗ್ ಅಂಗಡಿಯ ವಿಷಯ: ಬೇಡ. ಒಳಗಿನ ಕಬ್ಬಿಣದ ಇಷ್ಟು ಚಿಕ್ಕ 12 ಹಲ್ಲುಗಳಿಗೆ ತಂತಿ ಸುತ್ತುವುದು ಅವರ ನಿತ್ಯದ ಕೆಲಸವಲ್ಲ, ಮತ್ತು ಈ ಅಳತೆಯ ಹೊಸ ಮೋಟಾರಿನ ಬೆಲೆಗಿಂತ ಕೂಲಿಯೇ ಹೆಚ್ಚಾದೀತು.

ಪ್ರಶ್ನೆ: ಬಿದ್ದ ನಂತರ ನನ್ನ ಮೋಟಾರು ಸುತ್ತದೆ ಹಿಂದೆ ಮುಂದೆ ತಡವರಿಸುತ್ತದೆ. ಕೆಟ್ಟಿರುವುದು ಮೋಟಾರೋ ಇಎಸ್‌ಸಿಯೋ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೂರು ತಂತಿಗಳಲ್ಲಿ ಒಂದಕ್ಕೆ ವಿದ್ಯುತ್ ತಲುಪದಿದ್ದಾಗ ಹೀಗಾಗುತ್ತದೆ. ತಂತಿಯ ತುದಿಯಲ್ಲಿರುವ ಬುಲೆಟ್ ಕನೆಕ್ಟರಿನ ಬೆಸುಗೆ ಬಿಟ್ಟಿದೆಯೇ ನೋಡಿ. ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ಮಲ್ಟಿಮೀಟರಿನಲ್ಲಿ ಯಾವ ಎರಡು ತಂತಿ ಹಿಡಿದರೂ ಬೀಪ್ ಬರಬೇಕು, ತಂತಿಗೂ ಮೋಟಾರಿನ ಲೋಹಕ್ಕೂ ನಡುವೆ ಬರಬಾರದು. ಇವೆರಡೂ ಸರಿಯಿದ್ದರೆ ಗೆಳೆಯರ ಒಳ್ಳೆಯ ಮೋಟಾರನ್ನು ನಿಮ್ಮ ಇಎಸ್‌ಸಿಗೆ ಸಿಕ್ಕಿಸಿ; ಅದೂ ತಡವರಿಸಿದರೆ ಇಎಸ್‌ಸಿಯನ್ನು ಬದಲಿಸಿ. ಅಷ್ಟರವರೆಗೆ ಥ್ರಾಟಲ್ ಏರಿಸಿ ಬಲವಂತ ಮಾಡಬೇಡಿ.

ಪ್ರಶ್ನೆ: ಬೇರಿಂಗಿಗೆ ಕೊಬ್ಬರಿ ಎಣ್ಣೆ ಹಾಕಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಿಮ್ಮೂರಿನ ಚಳಿಗಾಲದ ಬೆಳಗಿನಲ್ಲಿ ಬಾಟಲಿಯಿಂದಲೇ ಇಳಿಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಒಂದೇ ಹನಿ ಬಿಡಿ.